ತಿಂಗಳಿಗೆ ನಲವತ್ತು ಸಾವಿರ: ಎಲ್ಲಿಗೆ ಹೋಗೋದು?

ಶಿವಮೊಗ್ಗದಲ್ಲಿ ಪ್ರವಾಸದ ಯೋಜನೆ ಹಾಕಿಕೊಡುವುದು ನನ್ನ ಕೆಲಸ. ಮೊದಲೆಲ್ಲ ಬರುವವರು ಐದು ರಾತ್ರಿ, ಆರು ದಿನದ ಪ್ಯಾಕೇಜ್ ಕೇಳುತ್ತಿದ್ದರು. ಈಗ ಬೇರೆ ಥರದವರೂ ಬರುತ್ತಾರೆ. ತೀರ್ಥಹಳ್ಳಿಯ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಹುಡುಗರು, ಬ್ಯಾಂಕಿನಿಂದ ನಿವೃತ್ತರಾದ ಸಾಗರದ ದಂಪತಿ, ತೋಟವನ್ನು ತಮ್ಮನಿಗೆ ಒಪ್ಪಿಸಿ ಮೂರು ತಿಂಗಳು ಸುತ್ತಿ ಬರುತ್ತೇನೆ ಅನ್ನುವ ಬೆಳೆಗಾರರು. ಎಲ್ಲರೂ ಕೇಳುವುದು ಒಂದೇ: "ಸಾರ್, ತಿಂಗಳಿಗೆ ತಲಾ ನಲವತ್ತು ಸಾವಿರ ಖರ್ಚು ಮಾಡಬಹುದು. ಯಾವ ದೇಶ ಅಗ್ಗ?"

"ಯಾವ ತಿಂಗಳು ಹೊರಡ್ತೀರಿ?" ಎಂದು ನಾನು ಕೇಳುತ್ತೇನೆ. ಅದಕ್ಕೆ ಉತ್ತರ ಸಿಗುವ ತನಕ ದೇಶದ ಹೆಸರು ಎತ್ತುವುದಿಲ್ಲ. ಅಗ್ಗದ ದೇಶ ಅಂತ ಪ್ರತ್ಯೇಕವಾಗಿ ಇರುವುದಿಲ್ಲ. ನಿಮ್ಮ ಬಿಡುವಿನ ತಿಂಗಳಲ್ಲಿ ಹವೆ ಚೆನ್ನಾಗಿರಬೇಕು, ಒಂದೇ ಊರಲ್ಲಿ ಜಾಸ್ತಿ ದಿನ ಕೂರಲು ಅಲ್ಲಿನ ಸರ್ಕಾರ ಬಿಡಬೇಕು. ಈ ಎರಡು ಸೇರುವ ಕಡೆ ಖರ್ಚು ತಾನಾಗಿ ಇಳಿಯುತ್ತದೆ.

ಮಳೆಯ ವಿಷಯ ಮೊದಲು ನೋಡೋಣ. ಜೂನ್ ಬಂತೆಂದರೆ ನಮ್ಮ ಕಡೆಯವರಿಗೆ ಎಲ್ಲಾದರೂ ಓಡಿಹೋಗುವ ಆಸೆ. ವಾರಗಟ್ಟಲೆ ಬಟ್ಟೆ ಒಣಗದ ಊರಿನವರು ತಾನೆ! ಅದೇ ಹೊತ್ತಿಗೆ ಬ್ಯಾಂಕಾಕ್, ಕಾಂಬೋಡಿಯದ ಸಿಯೆಮ್ ರೀಪ್ ಕಡೆ ಹೋಟೆಲ್ ರೇಟು ಇಳಿದಿರುತ್ತದೆ. ನೋಡಿದವರು ತಡಮಾಡದೆ ಬುಕ್ ಮಾಡುತ್ತಾರೆ. ಆದರೆ ಅಲ್ಲಿ ಸುರಿಯುವುದೂ ನಮ್ಮದೇ ನೈಋತ್ಯ ಮುಂಗಾರು. ರೇಟು ಇಳಿದಿರುವುದು ಅದಕ್ಕೇ. ಥಾಯ್ಲೆಂಡಿನ ಬಹುಪಾಲು, ಕಾಂಬೋಡಿಯ, ಲಾವೋಸ್, ದಕ್ಷಿಣ ವಿಯೆಟ್ನಾಂ ಎಲ್ಲ ಕಡೆ ಹೆಚ್ಚುಕಡಿಮೆ ಮೇ ತಿಂಗಳಿಂದ ಅಕ್ಟೋಬರ್ ತನಕ ಮಳೆಗಾಲ.

ಆ ತಿಂಗಳುಗಳಲ್ಲಿ ಬಿಸಿಲು ಬೇಕಾದರೆ ಬೇರೆ ಕಡೆ ನೋಡಬೇಕು. ಇಂಡೋನೇಷ್ಯಾದ ಬಾಲಿ, ಲೊಂಬೊಕ್ ದ್ವೀಪಗಳು ಸಮಭಾಜಕ ವೃತ್ತದ ಆಚೆ ಇವೆ, ಅಲ್ಲಿ ಆಗ ಒಣ ಹವೆ. ವಿಯೆಟ್ನಾಂ ಮಧ್ಯ ಕರಾವಳಿಯ ಡಾ ನಾಂಗ್, ಹೋಯ್ ಆನ್‌ಗೆ ಪಶ್ಚಿಮದ ಬೆಟ್ಟಸಾಲು ಮುಂಗಾರನ್ನು ತಡೆಯುತ್ತದೆ. ಅಲ್ಲಿನ ಮಳೆ ಸೆಪ್ಟೆಂಬರ್ ನಂತರ. ಅಕ್ಟೋಬರ್, ನವೆಂಬರ್‌ನಲ್ಲಿ ಹೋಯ್ ಆನ್‌ನ ಹಳೇ ಪೇಟೆಗೆ ನದಿ ನೀರೇ ನುಗ್ಗುತ್ತದೆ. ಶ್ರೀಲಂಕಾದಲ್ಲಿ ಕೊಲಂಬೊ ಕಡೆ ಮಳೆ ಇರುವಾಗ ಪೂರ್ವ ತೀರದ ಟ್ರಿಂಕೋಮಲಿ ಒಣಗಿರುತ್ತದೆ. ನಮ್ಮಲ್ಲೇ ಆದರೆ ಲಡಾಖ್, ಸ್ಪಿತಿ.

ನೇಪಾಳದ ಮುಸ್ತಾಂಗ್ ನಮ್ಮವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಆಗುಂಬೆಯಿಂದ ಶಿಕಾರಿಪುರಕ್ಕೆ ಬರುವಷ್ಟರಲ್ಲಿ ಮಳೆ ಎಷ್ಟು ಇಳಿಯುತ್ತದೆ, ಅಲ್ವಾ? ಅಲ್ಲೂ ಹಾಗೇ, ಇನ್ನೂ ಜೋರಾಗಿ. ಪೋಖರಾ ಹತ್ತಿರದ ಲುಮ್ಲೆ ಇಡೀ ನೇಪಾಳದಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗ. ಅನ್ನಪೂರ್ಣ ಪರ್ವತದ ಹಿಂಬದಿಗೆ, ಮುಸ್ತಾಂಗ್‌ನ ಜೋಮ್‌ಸೋಮ್‌ಗೆ ಹೋದರೆ ಬರೀ ಧೂಳು ಮತ್ತು ಗಾಳಿ. ಆದರೆ ಮಳೆಗಾಲದಲ್ಲಿ ಅಲ್ಲಿಗೆ ಹೋಗುವ ರಸ್ತೆಯಲ್ಲೇ ಗುಡ್ಡ ಕುಸಿಯುತ್ತದೆ. ಹೋಗುವಾಗ ಬರುವಾಗ ಎರಡು ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಅಡಿಕೆ ಬೆಳೆಗಾರರ ಲೆಕ್ಕ ಬೇರೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ದೀಪಾವಳಿ ಆಸುಪಾಸಿನಲ್ಲಿ ಕೊನೆಕೊಯ್ಲು. ಸುಲಿದು, ಬೇಯಿಸಿ, ಒಣಗಿಸಿ ಮುಗಿಸುವಾಗ ಫೆಬ್ರವರಿ. ಕೈ ಬಿಡುವಾಗುವುದು ಮಾರ್ಚ್‌ನಲ್ಲಿ. ಅಗ್ಗದ ಊರುಗಳ ಯಾವ ಪಟ್ಟಿ ತೆಗೆದರೂ ಚಿಯಾಂಗ್ ಮಾಯ್ ಮೇಲೆ ಇರುತ್ತದೆ, ಆದರೆ ಮಾರ್ಚ್‌ನಲ್ಲಿ ಅದನ್ನು ಮುಟ್ಟಬೇಡಿ. ಹೆಚ್ಚುಕಡಿಮೆ ಫೆಬ್ರವರಿಯಿಂದ ಏಪ್ರಿಲ್ ತನಕ ಉತ್ತರ ಥಾಯ್ಲೆಂಡಿನಲ್ಲಿ ಹೊಲದ ಕೂಳೆಗೆ, ಕಾಡಿಗೆ ಬೆಂಕಿ ಬಿದ್ದಿರುತ್ತದೆ. ಎದುರಿನ ಬೆಟ್ಟವೇ ಕಾಣದಷ್ಟು ಹೊಗೆ. ದಮ್ಮು ಇರುವವರಿಗಂತೂ ಬೇಡವೇ ಬೇಡ. ಆ ತಿಂಗಳುಗಳಿಗೆ ನಾನು ಮಧ್ಯ ವಿಯೆಟ್ನಾಂ ಹೇಳುತ್ತೇನೆ.

ಇನ್ನು ವೀಸಾ. ವೀಸಾ ಶುಲ್ಕ ಎಷ್ಟು ಎಂದು ಎಲ್ಲರೂ ನೋಡುತ್ತಾರೆ, ಅದನ್ನು ತಿಂಗಳಿಗೆ ಹಂಚಿ ನೋಡುವವರು ಕಡಿಮೆ. ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನದ ಇ-ವೀಸಾ ಕೊಡುತ್ತಿದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್. ತಿಂಗಳಿಗೆ ಎಂಟು ಡಾಲರ್ ಚಿಲ್ಲರೆ ಆಯಿತು. ಇಂಡೋನೇಷ್ಯಾದಲ್ಲಿ 30 ದಿನಕ್ಕೆ 5 ಲಕ್ಷ ರುಪಿಯಾ, ಅಂದರೆ ಎರಡೂವರೆ ಸಾವಿರ ರೂಪಾಯಿಗೂ ಮೇಲೆ. ಇನ್ನೊಂದು 30 ದಿನಕ್ಕೆ ಒಮ್ಮೆ ಮುಂದುವರಿಸಬಹುದು, ಮತ್ತೆ ದುಡ್ಡು ಕಟ್ಟಿ. ಬಾಲಿಗೆ ಇಳಿದರೆ ಒಂದೂವರೆ ಲಕ್ಷ ರುಪಿಯಾದ ಪ್ರವಾಸಿ ತೆರಿಗೆ ಬೇರೆ. ಥಾಯ್ಲೆಂಡ್ 2024ರ ಜುಲೈಯಲ್ಲಿ ನಮಗೆ ವೀಸಾ ಇಲ್ಲದೆ 60 ದಿನ ಎಂದಿತು. ಇಂಥ ರಿಯಾಯಿತಿಗಳು ಬಂದಷ್ಟೇ ಬೇಗ ಹೋಗಲೂಬಹುದು. ಟಿಕೆಟ್ ತೆಗೆಯುವ ದಿನವೇ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ, ಪಕ್ಕದ ಮನೆಯವರ ಮಾತು ಕೇಳಬೇಡಿ. ನನ್ನ ಈ ಅಂಕಣವನ್ನೂ ನಂಬಿ ಕೂರಬೇಡಿ.

ಭೂತಾನ್ ಅಂದರೆ ನಮ್ಮ ಬೆಳೆಗಾರರಿಗೆ ಮೊದಲು ನೆನಪಾಗುವುದು ಹಸಿ ಅಡಿಕೆ. 2022ರಲ್ಲಿ ಅಲ್ಲಿಂದ 17,000 ಟನ್ ತರಲು ಕೇಂದ್ರ ಒಪ್ಪಿದಾಗ ಅಡಿಕೆ ವಲಯದಲ್ಲಿ ಎದ್ದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದಿರಲಿ. ಪಕ್ಕದ ದೇಶ, ಪಾಸ್‌ಪೋರ್ಟ್ ಕೂಡ ಬೇಕಿಲ್ಲ, ಅಗ್ಗವಾಗಿರಬೇಕು ಅಂದುಕೊಂಡು ತಿಂಗಳುಗಟ್ಟಲೆ ಇರಲು ಕೇಳುವವರಿದ್ದಾರೆ. ಭಾರತೀಯರು ಅಲ್ಲಿ ರಾತ್ರಿಗೆ ತಲಾ 1,200 ರೂಪಾಯಿ ಶುಲ್ಕ ಕಟ್ಟಬೇಕು. ಮೂವತ್ತು ರಾತ್ರಿಗೆ 36,000. ನಲವತ್ತು ಸಾವಿರದಲ್ಲಿ ಉಳಿದದ್ದರಲ್ಲಿ ಮಲಗುವುದೆಲ್ಲಿ, ಉಣ್ಣುವುದೇನು? ಒಂದು ವಾರಕ್ಕೆ ಹೋಗಿ ಬನ್ನಿ, ಚಂದದ ದೇಶ.

ನೇಪಾಳದಲ್ಲಿ ನಮಗೆ ವೀಸಾನೂ ಇಲ್ಲ, ಇಷ್ಟೇ ದಿನ ಅನ್ನುವ ಮಿತಿಯೂ ಇಲ್ಲ. ನೂರು ರೂಪಾಯಿಗೆ 160 ನೇಪಾಳಿ ರೂಪಾಯಿ, ಈ ದರ 1993ರಿಂದ ಬದಲಾಗಿಲ್ಲ. ಹಾಗಾಗಿ ಮೂರು ತಿಂಗಳ ಬಜೆಟ್ ಇಲ್ಲೇ ಕೂತು ಹಾಕಬಹುದು. 2024ರಿಂದ ಅಲ್ಲಿನ ಅಂಗಡಿಗಳಲ್ಲಿ ನಮ್ಮ ಯುಪಿಐ ಕೂಡ ನಡೆಯುತ್ತದೆ. ವಿಮಾನವೇ ಬೇಕೆಂದಿಲ್ಲ. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲಿದೆ, ಅಲ್ಲಿಂದ ಸುನೌಲಿ ಗಡಿಗೆ ಬಸ್ಸು, ಗಡಿ ದಾಟಿದರೆ ಪೋಖರಾಕ್ಕೆ ಇನ್ನೊಂದು ಬಸ್ಸು. ಮೈಕೈ ನೋಯುತ್ತದೆ, ದುಡ್ಡು ಉಳಿಯುತ್ತದೆ. ವಿಮಾನದಲ್ಲಿ ಹೋಗುವವರು ಪಾಸ್‌ಪೋರ್ಟ್ ಅಥವಾ ಚುನಾವಣಾ ಗುರುತಿನ ಚೀಟಿ ಇಟ್ಟುಕೊಳ್ಳಬೇಕು. 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ನಡೆಯುವುದಿಲ್ಲ. ಮೊದಲ ಸಲ ದೀರ್ಘ ಪ್ರವಾಸಕ್ಕೆ ಹೊರಟವರಿಗೆ, ಅದರಲ್ಲೂ ವಯಸ್ಸಾದ ದಂಪತಿಗೆ, ನನ್ನ ಸಲಹೆ ಇದೇ. ಅಕ್ಟೋಬರ್, ನವೆಂಬರ್ ಆದರೆ ಬಹಳ ಒಳ್ಳೆಯದು, ಹಿಮಬೆಟ್ಟ ಕಾಣುತ್ತದೆ.

ನಲವತ್ತು ಸಾವಿರವನ್ನು ನಾನು ಹೀಗೆ ಒಡೆಯುತ್ತೇನೆ: ಬಾಡಿಗೆ 14,000 ದಾಟಬಾರದು, ಊಟ ತಿಂಡಿಗೆ 12,000, ಓಡಾಟಕ್ಕೆ 5,000, ವೀಸಾ, ವಿಮೆ, ಸಿಮ್‌ಗೆ 4,000. ಉಳಿದ 5,000 ಕಾಯಿಲೆಗೋ ಗ್ರಹಚಾರಕ್ಕೋ. ಹೋಗಿ ಬರುವ ಟಿಕೆಟ್ ಇದರಲ್ಲಿ ಸೇರಿಲ್ಲ. ಅದಕ್ಕೆ ಮೂವತ್ತು ಸಾವಿರ ಆದರೆ, ಒಂದು ತಿಂಗಳಿಗೆ ಹೋದವರಿಗೆ ಪೂರ್ತಿ ಮೂವತ್ತೇ ಬೀಳುತ್ತದೆ, ಮೂರು ತಿಂಗಳು ಇದ್ದವರಿಗೆ ತಿಂಗಳಿಗೆ ಹತ್ತು.

ಈ ಲೆಕ್ಕ ಕೆಡುವುದು ಹೆಚ್ಚಾಗಿ ಓಡಾಟದಲ್ಲಿ. ಅರವತ್ತು ದಿನಕ್ಕೆ ನಾಲ್ಕು ದೇಶ, ಹನ್ನೊಂದು ಊರು ಬರೆದುಕೊಂಡು ಬರುತ್ತಾರೆ. ಊರು ಬದಲಿಸಿದಾಗಲೆಲ್ಲ ಬಸ್ಸು, ಆಟೋ, ಹೊಸ ಊರಲ್ಲಿ ಮೊದಲ ದಿನದ ದುಬಾರಿ ಊಟ, ಸಿಕ್ಕಿದ ರೇಟಿಗೆ ರೂಮು. ತಿಂಗಳ ಬಾಡಿಗೆಯ ರಿಯಾಯಿತಿ ಸಿಗುವುದೇ ಇಲ್ಲ. ನಾನು ಆ ಪಟ್ಟಿಯಲ್ಲಿ ಮೂರು ಊರು ಬಿಟ್ಟು ಉಳಿದದ್ದಕ್ಕೆ ಗೀಟು ಎಳೆಯುತ್ತೇನೆ. ಮುಖ ಸಣ್ಣದಾಗುತ್ತದೆ, ಏನು ಮಾಡೋದು.

ರೂಮಿಗೆ ಮೊಬೈಲ್‌ನಲ್ಲಿ ಮೂರು ನಾಲ್ಕು ರಾತ್ರಿ ಮಾತ್ರ ಬುಕ್ ಮಾಡಿ. ಆಮೇಲೆ ಕಾಲ್ನಡಿಗೆಯಲ್ಲಿ ಹುಡುಕಿ. ಪೋಖರಾದಲ್ಲಿ ಕೆರೆಯ ಎದುರಿನ ಬೀದಿ ಬಿಟ್ಟು ಒಳಗೆ ಹೋದಷ್ಟೂ ಬಾಡಿಗೆ ಇಳಿಯುತ್ತದೆ. ಕರೆಂಟ್ ಬಿಲ್ ಯಾರದ್ದು, ಅಡುಗೆಗೆ ಗ್ಯಾಸ್ ಒಲೆ ಇದೆಯೇ ಎಂದು ಮೊದಲೇ ಕೇಳಿ. ಕುಕ್ಕರ್ ಮನೆಯಿಂದಲೇ ಒಯ್ಯಿರಿ. ಸಸ್ಯಾಹಾರಿಗಳಿಗೆ ಇದು ಇನ್ನೂ ಮುಖ್ಯ. ವಿಯೆಟ್ನಾಂನಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. 'ಚಾಯ್' ಎಂದು ಬೋರ್ಡ್ ಇರುವ ಹೋಟೆಲ್‌ಗಳು ಪೂರ್ತಿ ಸಸ್ಯಾಹಾರಿ, ಸಾಮಾನ್ಯವಾಗಿ ಅಗ್ಗವೂ ಹೌದು. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಅಲ್ಲಿನ ಬೌದ್ಧರೇ ಅಲ್ಲಿಗೆ ಬಂದು ತುಂಬಿಕೊಳ್ಳುತ್ತಾರೆ. ಕಾಫಿಗೆ ಚಿಂತೆಯಿಲ್ಲ, ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಜಾಸ್ತಿ ಕಾಫಿ ಬೆಳೆಯುವುದು ಅವರೇ. ಕಾಳುಮೆಣಸಿನಲ್ಲಂತೂ ಅವರೇ ಮೊದಲು, ನಮ್ಮ ಬೆಳೆಗಾರರು ಅಲ್ಲಿ ತೋಟ ನೋಡಲೆಂದೇ ವಾರಗಟ್ಟಲೆ ನಿಲ್ಲಬಹುದು.

ಹುಡುಗರಿಗೆ ಒಂದು ಮಾತು, ಬೈಕಿನದು. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಲೈಸೆನ್ಸ್, ರಸ್ತೆ ಸಂಚಾರದ ಬಗ್ಗೆ ದೇಶಗಳು ಮಾಡಿಕೊಂಡ 1949ರ ಒಪ್ಪಂದದ್ದು. ವಿಯೆಟ್ನಾಂ ಸಹಿ ಹಾಕಿರುವುದು 1968ರ ಒಪ್ಪಂದಕ್ಕೆ. ಅಂದರೆ ನಮ್ಮ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ಬಾಡಿಗೆ ಅಂಗಡಿಯವನು ಏನೂ ಕೇಳದೆ ಬೈಕ್ ಕೊಡುತ್ತಾನೆ. ಬಿದ್ದು ಕಾಲು ಮುರಿದರೆ, ಸರಿಯಾದ ಲೈಸೆನ್ಸ್ ಇರಲಿಲ್ಲ ಎಂದು ವಿಮೆಯವರು ಕೈ ಎತ್ತುತ್ತಾರೆ. ಥಾಯ್ಲೆಂಡ್ ಎರಡೂ ಒಪ್ಪಂದದಲ್ಲಿದೆ, ಅಲ್ಲಿ ಈ ತೊಂದರೆ ಇಲ್ಲ. ಆದರೆ ಅಲ್ಲಿನ ಎಟಿಎಂಗಳು ನಮ್ಮ ಕಾರ್ಡ್‌ಗೆ ಒಂದು ಸಲ ದುಡ್ಡು ತೆಗೆದರೆ ಇನ್ನೂರು ಬಾತ್‌ಗೂ ಹೆಚ್ಚು ಹಿಡಿಯುತ್ತವೆ. ಐದೈದು ಸಾವಿರ ತೆಗೆಯುವ ನಮ್ಮ ಅಭ್ಯಾಸ ಅಲ್ಲಿ ಬೇಡ, ತಿಂಗಳದ್ದು ಎರಡು ಸಲಕ್ಕೆ ತೆಗೆಯಿರಿ.

ಥಾಯ್ಲೆಂಡ್, ಮಲೇಷ್ಯಾಗೆ ಇಳಿಯುವ ಮೊದಲು ಆನ್‌ಲೈನ್‌ನಲ್ಲಿ ಆಗಮನದ ಫಾರಂ ತುಂಬಬೇಕು. ಎರಡೂ ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಮುಚ್ಚಿಬಿಡಿ, ಅದು ಸರ್ಕಾರದ್ದಲ್ಲ. ಪಾಸ್‌ಪೋರ್ಟ್‌ಗೆ ಆರು ತಿಂಗಳಾದರೂ ಅವಧಿ ಇರಲಿ, ವಾಪಸ್ ಟಿಕೆಟೋ ಮುಂದಿನ ದೇಶದ ಟಿಕೆಟೋ ಕೈಯಲ್ಲಿರಲಿ. ಇದನ್ನು ಬ್ಯಾಂಕಾಕ್‌ನಲ್ಲಿ ಕೇಳುವ ಮೊದಲೇ ಬೆಂಗಳೂರಿನ ಚೆಕ್-ಇನ್ ಕೌಂಟರ್‌ನಲ್ಲಿ ಕೇಳುತ್ತಾರೆ.