ಒಂದೇ ಬಟ್ಟಲು ಸಾರಿಗೆ ಎರಡು ಲೆಕ್ಕ: ಉಪವಾಸದ ದಿನ ಯಾವ ಕ್ಯಾಲೊರಿ ನಂಬಬೇಕು?

ಪ್ರಶ್ನೆ: ವಾರಕ್ಕೆ ಎರಡು ದಿನ 500 ಕ್ಯಾಲೊರಿಯೊಳಗೆ ಊಟ ಮುಗಿಸುವ 5:2 ಪದ್ಧತಿ ಶುರುಮಾಡಿದ್ದೇನೆ. ಆದರೆ ಒಂದು ಬಟ್ಟಲು ಬೇಳೆಸಾರಿಗೆ ಒಂದು ಆ್ಯಪ್ 90 ಅಂದರೆ ಇನ್ನೊಂದು 190 ಅನ್ನುತ್ತದೆ. 100 ಗ್ರಾಂ ಅನ್ನಕ್ಕೆ ಒಂದು ಕಡೆ 130, ಇನ್ನೊಂದು ಕಡೆ 350. ಯಾವುದನ್ನು ನಂಬಲಿ?

ಉತ್ತರ: ಅನ್ನದ ವಿಷಯದಲ್ಲಿ ಎರಡೂ ಅಂಕಿ ಸರಿಯೇ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇರುತ್ತದೆ. ಅದು ನೀರು ಹೀರಿ ಬೆಂದಮೇಲೆ 100 ಗ್ರಾಂ ಅನ್ನಕ್ಕೆ ಬರುವುದು 130ರ ಆಸುಪಾಸು. ತಟ್ಟೆಯಲ್ಲಿರುವ ಅನ್ನವನ್ನು ತೂಗಿ ಅಕ್ಕಿಯ ಅಂಕಿ ಹಾಕಿಕೊಂಡರೆ ಲೆಕ್ಕ ಎರಡೂವರೆ ಪಟ್ಟು ಉಬ್ಬುತ್ತದೆ. ಬೇಳೆ, ಕಾಳು, ರವೆ ಎಲ್ಲಕ್ಕೂ ಇದೇ ಮಾತು.

ಸಾರಿನ ಗೊಂದಲ ಬೇರೆ ಥರದ್ದು. ನಿಮ್ಮ ಮನೆಯ ಸಾರು ತಿಳಿಯೋ ಗಟ್ಟಿಯೋ, ಒಗ್ಗರಣೆಗೆ ಎಷ್ಟು ಎಣ್ಣೆ ಬಿತ್ತು, ತೆಂಗಿನಕಾಯಿ ರುಬ್ಬಿ ಹಾಕಿದಿರೋ ಇಲ್ಲವೋ, ಇದೆಲ್ಲ ಆ್ಯಪ್‌ಗೆ ಹೇಗೆ ಗೊತ್ತಾಗಬೇಕು? ಎಷ್ಟೋ ಆ್ಯಪ್‌ಗಳಲ್ಲಿ ಬಳಕೆದಾರರೇ ತುಂಬಿದ ಅಂಕಿಗಳೂ ಇರುತ್ತವೆ. ಯಾರದೋ ಮನೆಯ ಪಾತ್ರೆಯ ಲೆಕ್ಕ ನಿಮ್ಮ ಬಟ್ಟಲಿಗೆ ಕೂರುವುದಿಲ್ಲ.

ಆಹಾರಗಳ ಕ್ಯಾಲೊರಿ ಕೊಡುವ ಅಧಿಕೃತ ಪಟ್ಟಿಗಳೇ ಒಂದಕ್ಕೊಂದು ಹೊಂದದಿರುವುದೂ ಉಂಟು. 100 ಗ್ರಾಂ ಹಸಿ ತೆಂಗಿನಕಾಯಿಗೆ ಅಮೆರಿಕದ ಪಟ್ಟಿ 354 ಕ್ಯಾಲೊರಿ ಕೊಡುತ್ತದೆ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿ 400 ದಾಟುತ್ತದೆ. ಕಾಯಿ ಬಲಿತಷ್ಟೂ ನೀರು ಕಡಿಮೆ, ಎಣ್ಣೆ ಜಾಸ್ತಿ. ಪರೀಕ್ಷೆಗೆ ಸಿಕ್ಕ ಕಾಯಿಯ ಮೇಲೆ ಅಂಕಿ ನಿಲ್ಲುತ್ತದೆ. ಇನ್ನೊಂದು ಎಚ್ಚರ: ಇದೇ ಸಂಸ್ಥೆಯ 2017ರ ಪಟ್ಟಿ ಶಕ್ತಿಯನ್ನು ಕಿಲೋಜೌಲ್‌ನಲ್ಲಿ ಕೊಡುತ್ತದೆ. ಅದನ್ನು 4.184ರಿಂದ ಭಾಗಿಸಿದರೆ ನಾವು ದಿನಬಳಕೆಯಲ್ಲಿ ಹೇಳುವ ಕ್ಯಾಲೊರಿ ಸಿಗುತ್ತದೆ.

ಹಾಗಾದರೆ ಈ 500 ಎಲ್ಲಿಂದ ಬಂತು? 2012ರಲ್ಲಿ ಬ್ರಿಟನ್ನಿನ ಟಿವಿ ಪತ್ರಕರ್ತ ಮೈಕಲ್ ಮೋಸ್ಲಿ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದಾಗ ಹೆಂಗಸರಿಗೆ 500, ಗಂಡಸರಿಗೆ 600 ಎಂದಿದ್ದರು. ದಿನದ ಅಗತ್ಯವನ್ನು 2000, 2400 ಎಂದು ಹಿಡಿದು ಅದರ ಕಾಲು ಭಾಗ ತೆಗೆದರೆ ಬರುವ ದುಂಡು ಸಂಖ್ಯೆ ಅದು. ಮುಂದೆ ಅವರೇ ಅದನ್ನು 800ಕ್ಕೆ ಏರಿಸಿದರು. ಆದ್ದರಿಂದ 500ರ ಜಾಗದಲ್ಲಿ 520 ಆಯಿತೆಂದು ದಯವಿಟ್ಟು ಕೊರಗಬೇಡಿ. ಆದರೆ ಒಂದು ಬಟ್ಟಲಿಗೇ 100 ತಪ್ಪಿದರೆ ಅದು ದಿನದ ಐದನೇ ಒಂದು ಪಾಲು. ಗಮನ ಕೊಡಬೇಕಾದದ್ದು ಅಲ್ಲಿ.

ನನ್ನ ಸಲಹೆ ಇಷ್ಟೆ: ಉಪವಾಸದ ದಿನ ಅಡುಗೆಯಾದ ಮೇಲೆ ಲೆಕ್ಕ ಹಾಕಬೇಡಿ, ಒಲೆಗೆ ಏರಿಸುವ ಮೊದಲೇ ಹಾಕಿ. ಹಿಟ್ಟು, ಬೇಳೆ, ಎಣ್ಣೆಯನ್ನು ಹಸಿಯಾಗಿಯೇ ತೂಗಿ, ಒಂದೇ ಪಟ್ಟಿಯ ಅಂಕಿ ಬಳಸಿ. 50 ಗ್ರಾಂ ರಾಗಿಹಿಟ್ಟಿನ ಮುದ್ದೆಗೆ 160. ನೀರು ಎಷ್ಟೇ ಹಿಡಿಯಲಿ, ಮುದ್ದೆ ಎಷ್ಟೇ ದಪ್ಪ ಆಗಲಿ, ಅದು 160ರಲ್ಲೇ ಇರುತ್ತದೆ. 30 ಗ್ರಾಂ ತೊಗರಿಬೇಳೆಗೆ 100, 100 ಗ್ರಾಂ ಸೊಪ್ಪಿಗೆ 30, ಒಗ್ಗರಣೆಗೆ ಒಂದು ಟೀ ಚಮಚ ಎಣ್ಣೆ 40. ಟೋನ್ಡ್ ಹಾಲಿನಿಂದ ಹೆಪ್ಪುಹಾಕಿದ 100 ಗ್ರಾಂ ಮೊಸರಿಗೆ 60. ಒಟ್ಟು 390. ಮೊಟ್ಟೆ ತಿನ್ನುವವರು ಬೇಯಿಸಿದ್ದೊಂದು ಸೇರಿಸಿದರೂ 460 ಆಗುತ್ತದೆ, ಉಳಿದ 40 ಲೆಕ್ಕದ ಏರುಪೇರಿಗೆ ಇರಲಿ. ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಮಾಡಿದ್ದರೆ ಪಾತ್ರೆಯ ಒಟ್ಟು ಕ್ಯಾಲೊರಿಯನ್ನು ಬೆಂದ ಸಾರಿನ ಒಟ್ಟು ತೂಕದಿಂದ ಭಾಗಿಸಿ, ನೀವು ಬಡಿಸಿಕೊಂಡ ತೂಕದಿಂದ ಗುಣಿಸಿ.

ಕೈಯಳತೆಯಲ್ಲಿ ಬಿಡಬಾರದ ಪದಾರ್ಥಗಳು ಕೆಲವೇ: ಎಣ್ಣೆ, ತುಪ್ಪ, ಕಾಯಿತುರಿ, ಕಡಲೆಕಾಯಿ ಬೀಜ, ಹಾಲು. ಚಮಚವೆಂದರೆ ಯಾವ ಚಮಚ? ಟೀ ಚಮಚ ಎಣ್ಣೆ 40 ಆದರೆ ಊಟದ ದೊಡ್ಡ ಚಮಚದ್ದು 120ರವರೆಗೆ ಹೋಗುತ್ತದೆ. ಹಾಲಿನ ಪ್ಯಾಕೆಟ್ಟಿನ ಮೇಲೂ ಕಣ್ಣಾಡಿಸಿ: ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಫುಲ್ ಕ್ರೀಮ್‌ನಲ್ಲಿ ಶೇ 6. ಸೌತೆಕಾಯಿ, ಸೊಪ್ಪು, ಮೂಲಂಗಿಯನ್ನು ಅಂದಾಜಿನಲ್ಲಿ ಬಿಟ್ಟರೂ ನಡೆಯುತ್ತದೆ.

ಏಕಾದಶಿಯ ದಿನವನ್ನೇ ಈ ಪದ್ಧತಿಗೂ ಇಟ್ಟುಕೊಂಡವರಿದ್ದಾರೆ. ಅವರಿಗೊಂದು ಮಾತು: ಫಲಾಹಾರ ಅಂದ ಮಾತ್ರಕ್ಕೆ ಕ್ಯಾಲೊರಿ ಕಡಿಮೆ ಅಲ್ಲ. 100 ಗ್ರಾಂ ಒಣ ಸಬ್ಬಕ್ಕಿಯಲ್ಲೇ 350ರಷ್ಟಿದೆ. ಕಡಲೆಕಾಯಿ ಬೀಜ, ಆಲೂಗಡ್ಡೆ, ತುಪ್ಪ ಸೇರಿದರೆ ಒಂದೇ ತಟ್ಟೆಗೆ ದಿನದ ಪಾಲು ಮುಗಿಯುತ್ತದೆ. ವ್ರತ ವ್ರತವಾಗಿರಲಿ, ಈ ಲೆಕ್ಕಕ್ಕೆ ಬೇರೆ ದಿನ ಹುಡುಕಿ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಲೇಬೇಡಿ; ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಗರ್ಭಿಣಿಯರು, ಎದೆಹಾಲು ಕೊಡುವವರು, ಬೆಳೆಯುವ ಮಕ್ಕಳಿಗೆ ಇದು ಬೇಡ. ಅಂಕಿಯ ಚಿಂತೆಯಲ್ಲೇ ಊಟ ಬೇಡವಾಗುತ್ತಿದ್ದರೆ, ತಿಂದದ್ದಕ್ಕೆಲ್ಲ ಅಪರಾಧಿ ಭಾವ ಕಾಡುತ್ತಿದ್ದರೆ ಲೆಕ್ಕ ನಿಲ್ಲಿಸಿ ವೈದ್ಯರ ಹತ್ತಿರ ಮಾತಾಡಿ.

ಉಪವಾಸದ ಮರುದಿನ ತೂಕ ಇಳಿದಂತೆ ಕಂಡರೆ ಅದು ಬಹುಪಾಲು ನೀರು. ವಾರಕ್ಕೊಮ್ಮೆ, ಒಂದೇ ದಿನ, ಬೆಳಗ್ಗೆ ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ನಾಲ್ಕೈದು ವಾರವಾದರೂ ಅಲುಗಾಡದಿದ್ದರೆ ಆ್ಯಪ್ ಬದಲಿಸುವ ಬದಲು ಒಗ್ಗರಣೆ ಸೌಟಿಗೆ ಬೀಳುವ ಎಣ್ಣೆಯನ್ನು ಒಮ್ಮೆ ಅಳೆದು ನೋಡಿ, ಆಮೇಲೆ ಉಳಿದ ಐದು ದಿನಗಳ ಊಟವನ್ನು.