ರಂಗಸ್ಥಳದ ಲಂಕೆ: ಕಟ್ಟಿದ್ದು ಹೇಗೆ, ಕುಗ್ಗಿದ್ದು ಯಾಕೆ?

ಲಂಕೆ ಎಷ್ಟು ದೊಡ್ಡ ಊರು? ವಾಲ್ಮೀಕಿ ರಾಮಾಯಣದಲ್ಲೇ ಎರಡು ಲೆಕ್ಕ ಇದೆ. ಯುದ್ಧಕಾಂಡದಲ್ಲಿ 10 ಯೋಜನ ಅಗಲ, 20 ಯೋಜನ ಉದ್ದ. ಉತ್ತರಕಾಂಡಕ್ಕೆ ಬಂದರೆ ಅಗಲ 30, ಉದ್ದ 100! ಇಷ್ಟು ದೊಡ್ಡ ಊರನ್ನು ಕಾಸರಗೋಡಿನ ಯಕ್ಷಗಾನ ಬಯಲಾಟ ನಾಲ್ಕು ಕಂಬಗಳ ನಡುವೆ ತೋರಿಸುತ್ತಾ ಬಂದಿದೆ. ಹಿಂದುಗಡೆ ಕೋಟೆಯ ಚಿತ್ರ ಇಲ್ಲ. ಕೂರಲು ಒಂದು ರಥ, ಅಷ್ಟೇ. ಅದೇ ಸಿಂಹಾಸನ, ಬೇಕಾದಾಗ ಅದೇ ಬೆಟ್ಟ.

ಚಿತ್ರ ಬರೆದ ಪರದೆ, ಬಣ್ಣದ ಲೈಟು ಬಂದು ಆಟ ಕೆಟ್ಟಿತು ಎಂದು ಹಿರಿಯ ಪ್ರೇಕ್ಷಕರು ಬೈಯುವುದುಂಟು. ಲಂಕೆಯ ಮಟ್ಟಿಗೆ ನನಗೆ ಹಾಗನಿಸುವುದಿಲ್ಲ.

ಮೊದಲಿಗೆ, ಸೆಟ್ ಇಲ್ಲದ್ದಕ್ಕೆ ಕಾರಣ ತಿರುಗಾಟ. ದೀಪಾವಳಿ ಕಳೆದ ಮೇಲೆ ಹೊರಟ ಮೇಳ (ಆಟದ ತಂಡ) ಮೇ ಕೊನೆಯ ಪತ್ತನಾಜೆಯವರೆಗೆ, ಅಂದರೆ ತಿರುಗಾಟ ಮುಗಿಯುವ ದಿನದವರೆಗೆ, ಊರೂರು ಸುತ್ತುತ್ತದೆ. ಇವತ್ತು ಕೊಯ್ಲಾದ ಗದ್ದೆ, ನಾಳೆ ಯಾರದೋ ಅಂಗಳ. ಹಿಂದೆ ವೇಷದ ಪೆಟ್ಟಿಗೆಗಳು ಹೋಗುತ್ತಿದ್ದುದು ತಲೆಹೊರೆಯಲ್ಲಿ. ಅದರ ಮೇಲೆ ಕೋಟೆಯನ್ನೂ ಹೊರುವವರು ಯಾರು?

ಹಾಗಾಗಿ ಕೋಟೆ ಬಾಯಲ್ಲೇ ಏಳಬೇಕಾಯಿತು. ನಮ್ಮ ರಾಮಾಯಣ ಪ್ರಸಂಗಗಳು (ಆಟಕ್ಕೆಂದು ಬರೆದ ಪದ್ಯಕತೆಗಳು) ಕುಂಬಳೆಯ ಕವಿ ಪಾರ್ತಿಸುಬ್ಬನವು ಎಂಬುದು ಇಲ್ಲಿನವರ ಹೆಮ್ಮೆ. ವಿದ್ವಾಂಸ ಮುಳಿಯ ತಿಮ್ಮಪ್ಪಯ್ಯನವರು ಅದನ್ನು ಗಟ್ಟಿಯಾಗಿ ವಾದಿಸಿದರು, ಶಿವರಾಮ ಕಾರಂತರು ಒಪ್ಪಲಿಲ್ಲ. ಆ ಜಗಳ ಇರಲಿ. ಪ್ರಸಂಗದಲ್ಲಿ ಬರೆದಿಟ್ಟದ್ದು ಪದ್ಯ. ಹಾಡುಗಾರರಾದ ಭಾಗವತರು ಅದನ್ನು ಹಾಡಿ ಬಿಟ್ಟ ಮೇಲೆ ಮಾತು ಕಲಾವಿದನದ್ದೇ. ಅದಕ್ಕೆ ಬೇಕಾದ ಸರಕು ವಾಲ್ಮೀಕಿಯಲ್ಲಿ ಧಾರಾಳವಾಗಿದೆ. ತ್ರಿಕೂಟದ ಮೇಲಿನ ಊರು, ಕಟ್ಟಿದವನು ವಿಶ್ವಕರ್ಮ. ನಾಲ್ಕು ಹೆಬ್ಬಾಗಿಲು, ಮೊಸಳೆ ತುಂಬಿದ ಕಂದಕ. ಕಂದಕದ ಸೇತುವೆಗಳಿಗೆ ಯಂತ್ರಗಳಿವೆ. ಶತ್ರು ಸೈನ್ಯ ಬಂದರೆ ಅವು ನೀರಿಗೆ ಎಸೆದುಬಿಡುತ್ತವೆ. ಪಡುವಣ ಬಾಗಿಲಿಗೆ ಇಂದ್ರಜಿತು, ಬಡಗಣ ಬಾಗಿಲಿಗೆ ಸ್ವತಃ ರಾವಣ. ಸುಮ್ನೆ ರಕ್ಕಸರ ಬೀಡೂ ಅಲ್ಲ. ಬೆಳಗಿನ ಜಾವ ಹನುಮಂತನಿಗೆ ಅಲ್ಲಿ ವೇದಘೋಷ ಕೇಳಿಸುತ್ತದೆ. ರಾವಣನ ಪಾತ್ರಧಾರಿಗೆ ಇದಕ್ಕಿಂತ ಒಳ್ಳೆಯ ಅಸ್ತ್ರ ಬೇಕಾ? ನನ್ನ ಊರನ್ನು ಕಾಡು ಎನ್ನಬೇಡ ಎಂದು ಎದುರಿನವನಿಗೆ ಹೇಳಲು ಅಷ್ಟೇ ಸಾಕು.

ಉಳಿದ ಕೆಲಸ ಬೆಳಕಿನದು. ಇಲ್ಲಿನ ಯಕ್ಷಗಾನ ಶೈಲಿಯಾದ ತೆಂಕುತಿಟ್ಟಿನಲ್ಲಿ ಬಣ್ಣದ ವೇಷ (ರಾವಣನಂಥ ರಕ್ಕಸರ ವೇಷ) ಒಮ್ಮೆಲೇ ಮುಖ ತೋರಿಸುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಚೆಂಡೆಗೆ ಕುಣಿದು, ಕಾಯಿಸಿ, ಆಮೇಲೆ ಎದುರಾಗುತ್ತದೆ. ಕೇರಳದ ಕಥಕಳಿಯಲ್ಲೂ ಇಂಥದೇ ತೆರೆ ಇದೆ. ಗಡಿಯ ಊರಲ್ಲಿ ಅದೇನು ಆಶ್ಚರ್ಯವಲ್ಲ, ಅಲ್ವಾ? ದೀವಟಿಗೆಯ ಬೆಳಕಿಗೆ ರಾವಣನ ಮುಖದ ಚಿಟ್ಟಿ (ಅಕ್ಕಿ ಹಿಟ್ಟಿನಿಂದ ಇಟ್ಟ ಉಬ್ಬು ಚುಕ್ಕೆಗಳು) ಅಲುಗಿದಂತೆ ಕಾಣುತ್ತಿತ್ತು. ಆಮೇಲೆ ಗ್ಯಾಸ್‌ಲೈಟ್, ಟ್ಯೂಬ್‌ಲೈಟ್ ಬಂದವು. ಟಿಕೆಟಿನ ಡೇರೆ ಮೇಳಗಳ ಕಾಲದಲ್ಲಿ ನಾಟಕದ ಹಾಗೆ ಪರದೆಗಳೂ ಬಂದವು.

ಆದರೆ ಹಿಂದೆ ಪರದೆ ಇದ್ದರೂ ಮಾತಾಡುವವನು ಮಾತಾಡಿಯೇ ಆಡುತ್ತಿದ್ದ, ಯಾಕೆಂದರೆ ಬೆಳಗಿನವರೆಗೆ ಹೊತ್ತಿತ್ತು. ಲಂಕೆಯನ್ನು ನಿಜವಾಗಿ ಕುಗ್ಗಿಸಿದ್ದು ಕಾಲಮಿತಿಯ ಆಟ. ಸಂಜೆ ಶುರುವಾಗಿ ನಡುರಾತ್ರಿಯೊಳಗೆ ಮುಗಿಯಬೇಕು. ಕತ್ತರಿ ಬೀಳುವುದು ಯುದ್ಧಕ್ಕಲ್ಲ. ಒಡ್ಡೋಲಗಕ್ಕೆ (ಪಾತ್ರದ ವೈಭವದ ಪ್ರವೇಶಕ್ಕೆ), ಊರಿನ ವರ್ಣನೆಗೆ. ಮರುದಿನ ಕೆಲಸಕ್ಕೆ ಹೋಗುವವರಿಗೆ ರಾತ್ರಿಯಿಡೀ ಕೂರಲಾಗುವುದಿಲ್ಲ, ಅದೂ ನಿಜ.

ಲಂಕೆ ಪೂರ್ತಿ ಬೇಕಿದ್ದವರು ಮಳೆಗಾಲದಲ್ಲಿ ತಾಳಮದ್ದಳೆ ಕೂಟಕ್ಕೆ ಹೋಗುತ್ತಾರೆ. ಅಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಹಾಡು ಮತ್ತು ಮಾತು ಮಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣನ ಅರ್ಥ (ಪಾತ್ರದ ಮಾತು) ಹೇಳಿದ್ದು ಇಂಥ ಕೂಟಗಳಲ್ಲಿ, ಬಿಳಿ ಬಟ್ಟೆಯಲ್ಲಿ ಕೂತು.