ಒಂದು ಭಾಗ ಅಂಟಿತು, ಇನ್ನೊಂದು ಕಳಚಿತು: ಯಾವ ಪ್ಲಾಸ್ಟಿಕ್‌ಗೆ ಯಾವ ಅಂಟು?

ಪ್ರಶ್ನೆ: ವಿಮಾನ, ಟ್ಯಾಂಕ್ ಮಾದರಿಗಳ ಕಿಟ್ ಜೋಡಿಸುತ್ತೇನೆ. ಕೆಲವು ಭಾಗಗಳು ಗಟ್ಟಿಯಾಗಿ ಕೂರುತ್ತವೆ. ಕೆಲವು ಮರುದಿನ ಬೆರಳು ತಾಗಿದರೆ ಸಾಕು, ಕಳಚಿ ಬೀಳುತ್ತವೆ. ಗಾಜಿನಂಥ ಭಾಗಗಳ ಮೇಲೆ ಬಿಳಿ ಮಂಜು ಕವಿಯುತ್ತದೆ. ಎಲ್ಲದಕ್ಕೂ ಆಗುವ ಒಂದೇ ಅಂಟು ಇದೆಯೆ?

ಉತ್ತರ: ಇಲ್ಲ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ಅಂಟು ಎಷ್ಟು ಗಟ್ಟಿ ಎಂದು. ಮೊದಲು ತಿಳಿಯಬೇಕಾದದ್ದು ಕೈಯಲ್ಲಿರುವ ಪ್ಲಾಸ್ಟಿಕ್ ಯಾವುದು ಎಂಬುದು.

ಟಾಮಿಯಾ, ಏರ್‌ಫಿಕ್ಸ್, ರೆವೆಲ್ ಮುಂತಾದ ಕಿಟ್‌ಗಳ ಗಟ್ಟಿ ಭಾಗಗಳು ಬಹುತೇಕ ಪಾಲಿಸ್ಟೈರೀನ್. ಇದಕ್ಕೆ ಹಾಕುವ ಪ್ಲಾಸ್ಟಿಕ್ ಸಿಮೆಂಟ್ ನಿಜವಾಗಿ ಅಂಟೇ ಅಲ್ಲ, ದ್ರಾವಕ. ಎರಡೂ ಭಾಗಗಳ ಮೇಲ್ಪದರವನ್ನು ಅದು ಕರಗಿಸುತ್ತದೆ. ಕರಗಿದ ಪ್ಲಾಸ್ಟಿಕ್ ಒಂದರೊಳಗೊಂದು ಬೆರೆಯುತ್ತದೆ, ದ್ರಾವಕ ಆರಿಹೋಗುತ್ತದೆ, ಉಳಿಯುವುದು ಒಂದೇ ತುಂಡು. ಸೂಪರ್‌ಗ್ಲೂ ಮತ್ತು ಎರಡು ದ್ರವ ಬೆರೆಸಿ ಹಾಕುವ ಎಪಾಕ್ಸಿಯ ಕೆಲಸ ಬೇರೆ. ಅವು ಪ್ಲಾಸ್ಟಿಕ್ ಅನ್ನು ಬೆಸೆಯುವುದಿಲ್ಲ. ಎರಡು ಮೈಗಳ ನಡುವೆ ಗಟ್ಟಿಯಾದ ಪದರವಾಗಿ ನಿಂತು ಹಿಡಿದುಕೊಳ್ಳುತ್ತವೆ. ಹಾಗಾಗಿ ಪಾಲಿಸ್ಟೈರೀನ್‌ಗೆ ಪಾಲಿಸ್ಟೈರೀನ್ ಸೇರಿಸುವಾಗ ಸಿಮೆಂಟ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಪ್ಲಾಸ್ಟಿಕ್ ಗುರುತಿಸಲು ಭಾಗಗಳನ್ನು ಕತ್ತರಿಸಿಕೊಳ್ಳುವ ಚೌಕಟ್ಟನ್ನು, ಅಂದರೆ ಸ್ಪ್ರೂವನ್ನು ನೋಡಿ. ಬಂದಾಯ್ ಕಂಪನಿಯ ಗುಂಡಮ್ ರೋಬೋಟ್ ಕಿಟ್‌ಗಳಲ್ಲಿ ಪಿಎಸ್ (ಪಾಲಿಸ್ಟೈರೀನ್), ಎಬಿಎಸ್ (ಇನ್ನೊಂದು ಗಟ್ಟಿ ಪ್ಲಾಸ್ಟಿಕ್), ಪಿಪಿ (ಪಾಲಿಪ್ರೊಪಿಲೀನ್), ಪಿಇ (ಪಾಲಿಥಿನ್) ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಗುರುತು ಇಲ್ಲದಿದ್ದರೆ ಒಂದು ಚೂರು ಕತ್ತರಿಸಿ ನೀರಿನ ಲೋಟಕ್ಕೆ ಹಾಕಿ, ಅಂಟಿಕೊಂಡ ಗಾಳಿಗುಳ್ಳೆ ಹೋಗುವಂತೆ ಕಡ್ಡಿಯಿಂದ ಒತ್ತಿ ಬಿಡಿ. ತೇಲಿದರೆ ಪಾಲಿಥಿನ್ ಅಥವಾ ಪಾಲಿಪ್ರೊಪಿಲೀನ್. ಪಾಲಿಸ್ಟೈರೀನ್, ಎಬಿಎಸ್, ಅಕ್ರಿಲಿಕ್, ಪಿವಿಸಿ ಎಲ್ಲವೂ ಮುಳುಗುತ್ತವೆ. ಮುಳುಗಿದ ಚೂರನ್ನು ಒರೆಸಿ, ಒಂದು ಹನಿ ಸಿಮೆಂಟ್ ತಾಗಿಸಿ, ಅರ್ಧ ನಿಮಿಷದ ನಂತರ ಕಡ್ಡಿಯ ತುದಿಯಿಂದ ಮುಟ್ಟಿ ನೋಡಿ. ಮೇಲ್ಮೈ ಮೆತ್ತಗಾಗಿ ನೂಲೆಳೆಯುತ್ತಿದ್ದರೆ ಸಿಮೆಂಟ್ ಕೆಲಸ ಮಾಡುತ್ತದೆ. ಏನೂ ಆಗದಿದ್ದರೆ ಎಷ್ಟು ಸುರಿದರೂ ಪ್ರಯೋಜನವಿಲ್ಲ.

ಸಿಮೆಂಟ್‌ನಲ್ಲೂ ಎರಡು ಬಗೆ. ಮಂದವಾದದ್ದರಲ್ಲಿ ದ್ರಾವಕದ ಜೊತೆಗೆ ಕರಗಿದ ಪಾಲಿಸ್ಟೈರೀನ್ ಇರುತ್ತದೆ, ನಿಧಾನ ಆರುತ್ತದೆ. ದೊಡ್ಡ ಮೈಗಳಿಗೆ, ಸ್ವಲ್ಪ ಸಂದು ಇರುವಲ್ಲಿಗೆ ಇದು ಸರಿ. ಟಾಮಿಯಾದ ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್‌ನಂಥ ನೀರಾದ ಸಿಮೆಂಟ್‌ನಲ್ಲಿ ಬ್ಯುಟೈಲ್ ಅಸಿಟೇಟ್ ಮತ್ತು ಅಸಿಟೋನ್ ಎಂಬ ದ್ರಾವಕಗಳು ಇರುತ್ತವೆ. ಇದನ್ನು ಭಾಗಗಳಿಗೆ ಬಳಿದು ಜೋಡಿಸುವುದಲ್ಲ, ಜೋಡಿಸಿ ಹಿಡಿದು ಸಂದಿಗೆ ಕುಂಚ ತಾಗಿಸುವುದು. ದ್ರವ ತಾನಾಗಿಯೇ ಸಂದಿನುದ್ದಕ್ಕೂ ಓಡುತ್ತದೆ.

ವಿಮಾನದ ಒಡಲಿನ ಎರಡು ಹೋಳುಗಳನ್ನು ಕೂಡಿಸುವ ಕ್ರಮ ಹೀಗೆ. ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಜಿಡ್ಡು ಉಳಿದಿದ್ದರೆ ಮುಂದೆ ಬಣ್ಣವೂ ನಿಲ್ಲದು. ಕೂಡುವ ಅಂಚಿನಲ್ಲಿ ಬಣ್ಣ ಅಥವಾ ಕ್ರೋಮ್ ಲೇಪ ಇದ್ದರೆ ಬ್ಲೇಡಿನಿಂದ ಪೂರ್ತಿ ಕೆರೆಯಿರಿ. ಇಲ್ಲದಿದ್ದರೆ ಲೇಪಕ್ಕೆ ಲೇಪ ಅಂಟುತ್ತದೆಯೇ ಹೊರತು ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ಅಲ್ಲ. ಮರುದಿನ ಕಳಚಿ ಬೀಳುವ ಭಾಗಗಳಲ್ಲಿ ಹೆಚ್ಚಿನವು ಇಂಥವೇ. ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡಿ. ನಂತರ ಕೂದಲೆಳೆಯಷ್ಟು ಸಂದು ಬಿಟ್ಟು ಹಿಡಿದು, ಒಂದೆರಡು ಇಂಚಿಗೊಮ್ಮೆ ಕುಂಚ ತಾಗಿಸಿ. ಐದಾರು ಸೆಕೆಂಡ್ ತಡೆದು ಮೆಲ್ಲಗೆ ಒತ್ತಿದಾಗ ಸಂದಿನಿಂದ ಕರಗಿದ ಪ್ಲಾಸ್ಟಿಕ್ ಸಣ್ಣ ಏರಾಗಿ ಉಕ್ಕಬೇಕು. ಹಾಗೆ ಉಕ್ಕಿದರೆ ಒಳಗೆಲ್ಲ ಬೆಸುಗೆ ಕೂತಿದೆ ಎಂದರ್ಥ. ಅದನ್ನು ಒರೆಸಬೇಡಿ. 24 ಗಂಟೆ ಬಿಟ್ಟು ಬ್ಲೇಡಿನಿಂದ ಕೆರೆದು 400, ಆಮೇಲೆ 600 ನಂಬರಿನ ಉಪ್ಪುಕಾಗದದಿಂದ ಉಜ್ಜಿದರೆ ಗೆರೆ ಮಾಯವಾಗುತ್ತದೆ. ಆತುರಪಟ್ಟು ಎರಡೇ ಗಂಟೆಯಲ್ಲಿ ಉಜ್ಜಿದರೆ, ಉಳಿದ ದ್ರಾವಕ ಆರುತ್ತಾ ಪ್ಲಾಸ್ಟಿಕ್ ಕುಗ್ಗಿ, ಬಣ್ಣ ಬಳಿದ ಮೇಲೆ ಅದೇ ಗೆರೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಇಲ್ಲೊಂದು ಅಪಾಯವಿದೆ. ಸಂದಿನ ಮೇಲೆ ಬೆರಳೋ ಟೇಪೋ ಇದ್ದರೆ ದ್ರವ ಅದರಡಿಗೂ ನುಸುಳುತ್ತದೆ. ಆಗ ಬೆರಳಚ್ಚು ರೆಕ್ಕೆಯ ಮೇಲೆ ಕೆತ್ತಿದಂತೆ ಉಳಿಯುತ್ತದೆ. ಟೇಪಿನ ಪಟ್ಟಿಗಳ ನಡುವಣ ಜಾಗದಲ್ಲಷ್ಟೇ ಕುಂಚ ತಾಗಿಸಿ, ಅಲ್ಲಿ ಆರಿದ ಮೇಲೆ ಟೇಪ್ ತೆಗೆದು ಉಳಿದ ಕಡೆ ಹಾಕಿ. ತಪ್ಪಿ ಬಿದ್ದ ಹನಿಯನ್ನು ಒರೆಸಲು ಹೋಗಬೇಡಿ, ತಾನಾಗಿ ಆರಲಿ. ಒರೆಸಿದರೆ ಹಾನಿ ಇಮ್ಮಡಿ.

ಎಬಿಎಸ್ ಸ್ವಲ್ಪ ಹಟಮಾರಿ. ಸಾಮಾನ್ಯ ಸಿಮೆಂಟ್ ಅದರ ಮೇಲೆ ದುರ್ಬಲವಾಗಿ ಹಿಡಿಯುತ್ತದೆ. ಟಾಮಿಯಾ ಎಬಿಎಸ್‌ಗೆಂದೇ ಬೇರೆ ಸಿಮೆಂಟ್ ಮಾಡುತ್ತದೆ, ಸಿಕ್ಕರೆ ಅದನ್ನೇ ಬಳಸಿ. ಒತ್ತಿ ಕೂರಿಸಿದ ಎಬಿಎಸ್ ಕೀಲುಗಳಿಗೆ ದ್ರಾವಕ ಇಳಿದರೆ, ಬಿಗಿತದಲ್ಲಿರುವ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಆ ಜಾಗಕ್ಕೆ ಎಷ್ಟು ಕಡಿಮೆ ಹಾಕಿದರೆ ಅಷ್ಟು ಒಳ್ಳೆಯದು.

ಸೂಪರ್‌ಗ್ಲೂ ಬೇಕಾಗುವುದು ಬೇರೆ ಬೇರೆ ಜಾತಿಯ ವಸ್ತುಗಳು ಸೇರುವಲ್ಲಿ: ಪಾಲಿಸ್ಟೈರೀನ್ ಮೇಲೆ ಹಿತ್ತಾಳೆಯ ತೆಳು ತಗಡಿನ ಭಾಗ, ರೆಸಿನ್ ಎರಕದ ಆಸನ, ಪಿಎಲ್‌ಎ ಎಂಬ ಪ್ಲಾಸ್ಟಿಕ್‌ನಲ್ಲಿ ತ್ರೀಡಿ ಮುದ್ರಿಸಿದ ತುಂಡು. ಪಿಎಲ್‌ಎ ಮತ್ತು ರೆಸಿನ್ ಪ್ಲಾಸ್ಟಿಕ್ ಸಿಮೆಂಟ್‌ಗೆ ಕರಗುವುದಿಲ್ಲ. ಸೂಪರ್‌ಗ್ಲೂ, ಅಂದರೆ ನಮ್ಮಲ್ಲಿ ಫೆವಿಕ್ವಿಕ್ ಹೆಸರಲ್ಲಿ ಎಲ್ಲರಿಗೂ ಗೊತ್ತಿರುವ ಸೈನೋಅಕ್ರಿಲೇಟ್, ಮೇಲ್ಮೈಯ ತೇವದಿಂದ ಗಟ್ಟಿಯಾಗುತ್ತದೆ. ಪದರ ತೆಳ್ಳಗಿದ್ದಷ್ಟೂ ಬಲ ಹೆಚ್ಚು. ದಪ್ಪಗೆ ಹಾಕಿದರೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ. 400 ನಂಬರಿನ ಕಾಗದದಿಂದ ಮೈ ಒರಟು ಮಾಡಿ, ಸೂಜಿಯ ತುದಿಯಿಂದ ಒಂದೇ ಹನಿ ಇಡಿ. ಸಂದು ತುಂಬಬೇಕಿದ್ದರೆ ಮೇಲೆ ಚಿಟಿಕೆ ಅಡುಗೆ ಸೋಡಾ ಉದುರಿಸಿ. ಕ್ಷಣದಲ್ಲಿ ಕಲ್ಲಾಗುತ್ತದೆ, ಸುತ್ತಲಿನ ಪ್ಲಾಸ್ಟಿಕ್‌ಗಿಂತಲೂ ಗಟ್ಟಿ, ಆದ್ದರಿಂದ ಉಜ್ಜುವ ಕೆಲಸ ಅಂದೇ ಮುಗಿಸಿ. ಎಳೆತ ತಾಳುವ ಇದು ತಿರುಚಿದರೆ, ಸಿಪ್ಪೆಯಂತೆ ಸುಲಿದರೆ ತಾಳದು. ಭಾರ ಹೊರುವ ಕಾಲು, ರೆಕ್ಕೆಯ ಬುಡಕ್ಕೆ ತಂತಿಯ ಮೊಳೆ ಸೇರಿಸಿ ಎಪಾಕ್ಸಿ ಹಾಕಿ.

ಹತ್ತಿ ಬಟ್ಟೆಯಿಂದ, ಹತ್ತಿಯ ಕಡ್ಡಿಯಿಂದ ಸೂಪರ್‌ಗ್ಲೂ ಒರೆಸಬೇಡಿ. ಹತ್ತಿಯ ನಾರಿನಲ್ಲಿ ಅದು ಒಮ್ಮೆಗೇ ಗಟ್ಟಿಯಾಗಿ ಚರ್ಮ ಸುಡುವಷ್ಟು ಬಿಸಿಯೇಳುತ್ತದೆ.

ನಿಮ್ಮ ಬಿಳಿ ಮಂಜಿಗೂ ಕಾರಣ ಇದೇ ಅಂಟು. ಅದರ ಆವಿ ಗಾಳಿಯ ತೇವದೊಡನೆ ಸೇರಿ ಹತ್ತಿರದ ಮೈಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಮುಚ್ಚಿದ ಕಾಕ್‌ಪಿಟ್‌ನೊಳಗೆ ಆವಿಗೆ ಹೋಗಲು ದಾರಿಯೇ ಇಲ್ಲ, ಹಾಗಾಗಿ ಗಾಜಿನ ಒಳಮೈಗೇ ಕೂರುತ್ತದೆ. ಪಾರದರ್ಶಕ ಭಾಗಗಳಿಗೆ ಫೆವಿಕಾಲ್‌ನಂಥ ಬಿಳಿ ಅಂಟು ಸಾಕು. ಹಲ್ಲುಕಡ್ಡಿಯಿಂದ ಅಂಚಿಗೆ ತೆಳ್ಳಗೆ ಸವರಿ ಕೂರಿಸಿ, ಹೆಚ್ಚಾದದ್ದನ್ನು ಒದ್ದೆ ಕುಂಚದಿಂದ ಒರೆಸಿ. ಆರಿದ ಮೇಲೆ ಬಹುತೇಕ ಕಾಣುವುದಿಲ್ಲ. ಒಳಗೆ ಸೂಪರ್‌ಗ್ಲೂ ಬಳಸಿದ್ದರೆ ಗಾಜು ಕೂರಿಸುವ ಮುನ್ನ ಒಂದು ದಿನ ತೆರೆದಿಡಿ.

ಥರ್ಮೋಕೋಲ್ ಕೂಡ ಪಾಲಿಸ್ಟೈರೀನೇ, ಆದರೆ ಬುರುಗು. ಸಿಮೆಂಟ್ ಅಥವಾ ಸಾಮಾನ್ಯ ಸೂಪರ್‌ಗ್ಲೂ ಬಿದ್ದರೆ ಕರಗಿ ಗುಂಡಿಯಾಗುತ್ತದೆ. ದೃಶ್ಯಮಾದರಿಯ ಗುಡ್ಡ, ನೆಲ ಕಟ್ಟಲು ಬಿಳಿ ಅಂಟೇ ಸರಿ, ಒಂದು ರಾತ್ರಿ ಕಾಯಬೇಕು ಅಷ್ಟೆ.

ಇನ್ನು ನೀರಲ್ಲಿ ತೇಲಿದ ಆ ಚೂರು. 1:72 ಅಳತೆಯ ಮೆದು ಸೈನಿಕರು, ಗುಂಡಮ್ ಕೀಲಿನ ಮೆತ್ತನೆ ಬುಡ್ಡಿಗಳು ಈ ಜಾತಿ. ಮೇಣದಂಥ ಮೈ, ಅಂಟು ಅದರ ಮೇಲೆ ಸರಿಯಾಗಿ ಹರಡದೆ ಮಣಿಯಾಗುತ್ತದೆ. ಎಪಾಕ್ಸಿಯೂ ಒಣಗಿದ ಮೇಲೆ ಚಿಪ್ಪಿನಂತೆ ಏಳುತ್ತದೆ. ಅಂಟು ಹಿಡಿಯುವಂತೆ ಮೈಯನ್ನು ಸಿದ್ಧಗೊಳಿಸುವ ದ್ರವದ, ಅಂದರೆ ಪ್ರೈಮರ್‌ನ ಪೆನ್ನಿನ ಜೊತೆ ಮಾರುವ ವಿಶೇಷ ಸೂಪರ್‌ಗ್ಲೂಗಳಿವೆ: ಮೊದಲು ಪ್ರೈಮರ್ ಹಚ್ಚಿ, ಅದು ಆರಿದ ಮೇಲೆ ಅಂಟು. ಅದು ಸಿಗದಿದ್ದರೆ ಅರ್ಧ ಮಿಲಿಮೀಟರ್ ಡ್ರಿಲ್‌ನಿಂದ ಎರಡೂ ಕಡೆ ತೂತು ಕೊರೆದು ತಂತಿ ತೂರಿಸಿ ಬಿಗಿಯಾಗಿ ಕೂರಿಸಿ. ಕಿಟ್ ತಯಾರಕರೂ ಇಂಥ ಭಾಗಗಳನ್ನು ಸಾಮಾನ್ಯವಾಗಿ ಅಂಟಿಲ್ಲದೆ ಒತ್ತಿ ಕೂರುವಂತೆ ಮಾಡಿರುತ್ತಾರೆ.